ಗೊತ್ತಿಲ್ಲದವರ ನಗು

ನೀಲಕ್ಕ ಟಾಕೀಸಿಗೆ ಹೋದರೆ ಪರದೆಗೆ ಬೆನ್ನು ಹಾಕಿ ಕೂರುತ್ತಿದ್ದಳು. ಪೂರ್ತಿ ಬೆನ್ನಲ್ಲ, ಕುರ್ಚಿಯಲ್ಲಿ ಅಡ್ಡ ತಿರುಗಿ, ಒಂದು ಮೊಣಕೈಯನ್ನು ಕುರ್ಚಿಯ ಬೆನ್ನಿನ ಮೇಲೆ ಊರಿ, ಹಿಂದಿನ ಸಾಲುಗಳಲ್ಲಿ ಕೂತವರ ಮುಖಗಳನ್ನು ನೋಡುತ್ತಿದ್ದಳು. ಪರದೆಯ ಬೆಳಕು ಆ ಮುಖಗಳ ಮೇಲೆ ಹಾಯುವಾಗ ಆಕೆಯ ತುಟಿಗಳು ಸಣ್ಣಗೆ ಅಲುಗುತ್ತಿದ್ದವು. ಹೆಂಚಿನ ಮೇಲೆ ರೊಟ್ಟಿ ಉಬ್ಬುವುದನ್ನು ಕಾಯುವಾಗಲೂ ಹಾಗೇ ಅಲುಗುತ್ತಿದ್ದವು.

"ಯವ್ವಾ, ಸಿನೆಮಾ ಆ ಕಡಿ ಅದ," ಎಂದು ಹಿಂದಿನವರು ಯಾರಾದರೂ ಹೇಳಿದರೆ ಸಿದ್ಧ ಉತ್ತರವಿತ್ತು.

"ಗೊತ್ತದ ತಗೋ. ನೀ ಅದನ್ನ ನೋಡು. ನಾ ನಿನ್ನ ನೋಡ್ತೀನಿ."

ಕೇಳಿದವರು ನಗುತ್ತಿದ್ದರು. ಆದರೆ ಅದು ಆಕೆಗೆ ಬೇಕಾದ ನಗುವಾಗಿರಲಿಲ್ಲ. ಆಕೆಗೆ ಬೇಕಾದ ನಗು ಇಂಟರ್ವಲ್ ಮುಗಿದ ಸ್ವಲ್ಪ ಹೊತ್ತಿಗೆ, ಒಂದು ಹುಡುಗಿ ಒಂದು ತಪ್ಪು ಮಾಡಿದಾಗ ಬರುವಂಥದು. ಅದಕ್ಕಾಗಿ ಆಕೆ ಆ ಸಿನಿಮಾದ ಹಿಂದೆ ರಾಯಚೂರಿನಿಂದ ಮಾನ್ವಿಗೆ, ಮಾನ್ವಿಯಿಂದ ದೇವದುರ್ಗಕ್ಕೆ ಹೋದಳು.

ಹೀಗೆ ಒಂದೇ ಸಾಲಿನಲ್ಲಿ ಹೇಳಿದರೆ ಎಲ್ಲ ಸರಿಯಾಗಿ ಜೋಡಿಸಿಟ್ಟ ಹಾಗೆ ಕಾಣುತ್ತದೆ. ನೋಡುವಾಗ ಹಾಗಿರಲಿಲ್ಲ. ನಾನು ನೋಡುತ್ತಿದ್ದದ್ದು ಖಾನಾವಳಿ ನಡೆಸುವ ಒಬ್ಬ ಹೆಂಗಸು ಮಧ್ಯಾಹ್ನದ ಹೊತ್ತು ಕೆಲಸ ಬಿಟ್ಟು ಟಾಕೀಸಿಗೆ ಹೋಗುವುದನ್ನು ಮಾತ್ರ.

ಖಾನಾವಳಿ ಇದ್ದದ್ದು ರಾಯಚೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಬೋರ್ಡು ಇರಲಿಲ್ಲ, ರೊಟ್ಟಿ ಬಡಿಯುವ ಸದ್ದೇ ಬೋರ್ಡು. ಕಾಲೇಜಿನಲ್ಲಿ ಪಾಠ ಹೇಳುತ್ತ ಒಬ್ಬನೇ ಇದ್ದ ನಾನು ಎರಡು ಹೊತ್ತೂ ಅಲ್ಲೇ ಉಣ್ಣುತ್ತಿದ್ದೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಜೊತೆಗೆ ನೀಲಕ್ಕನ ಬಾಯಿ. ತಾಟಿನಲ್ಲಿ ರೊಟ್ಟಿ ಉಳಿಸಿದವನಿಗೆ, "ಯಾಕಪಾ, ರೊಟ್ಟಿ ಮ್ಯಾಲ ಸಿಟ್ಟೋ, ಹೆಂಡ್ತಿ ಮ್ಯಾಲ ಸಿಟ್ಟೋ?" ಎನ್ನುವಳು. ಹೊಸದಾಗಿ ಬಂದು ನಾಚುತ್ತ ಕೂತವನಿಗೆ, "ಹೊಟ್ಟಿ ಮುಂದ ಎಂಥ ನಾಚಿಕಿ? ಉಣ್ಣು. ನಾಚಿಕಿ ಬೇಕಂದ್ರ ಹೊರಗ ಹೋಗಿ ನಾಚ್ಕೋ." ಅಲ್ಲಿ ಉಣ್ಣುವವರೆಲ್ಲ ನಗುತ್ತ ಉಣ್ಣುತ್ತಿದ್ದರು. ನೀಲಕ್ಕ ಮಾತ್ರ ನಗುತ್ತಿರಲಿಲ್ಲ. ನಗಿಸಿ, ಆ ನಗು ಎಲ್ಲಿಯವರೆಗೆ ಹೋಯಿತು ಎಂದು ಒಲೆಯ ಹಿಂದಿನಿಂದ ಕತ್ತು ಎತ್ತಿ ನೋಡುವಳು, ಅಷ್ಟೇ.

ಗಂಡ ತಮ್ಮೂರು ಮಲ್ಲಟದಲ್ಲಿ ಹೊಲ ನೋಡಿಕೊಂಡಿದ್ದ. ಇಲ್ಲಿ ತಾಯಿ, ಮಗಳು ಇಬ್ಬರೇ. ಮಗಳು ಸುವರ್ಣಾ ದಿನಾ ಬಸ್ಸಿನಲ್ಲಿ ಯರಗೇರಾದ ಪಿ.ಜಿ. ಸೆಂಟರಿಗೆ ಹೋಗಿ ಎಂ.ಎ. ಓದುತ್ತಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ನಮಗೆ ನೀರು ಹಾಕುತ್ತಿದ್ದಳು. ಆ ಹುಡುಗಿಯ ಮುಖ ನನಗೆ ಚೆನ್ನಾಗಿ ನೆನಪಿದೆ ಎಂದು ಬಹಳ ದಿನ ನಂಬಿದ್ದೆ. ಆಮೇಲೆ ಗೊತ್ತಾಯಿತು, ನನಗೆ ನೆನಪಿರುವುದು ಸಿನಿಮಾದ ಮುಖ. ಮೇಕಪ್ ಹಾಕಿದ, ಟಾಕೀಸಿನ ಗೋಡೆಯಷ್ಟು ದೊಡ್ಡದಾದ ಮುಖ. ಅದರ ಕೆಳಗೆ ಇದ್ದ ಮುಖ ಅಳಿಸಿಹೋಗಿದೆ. ಖಾನಾವಳಿಯ ಸುವರ್ಣಾಳದು ಎಂದು ನನ್ನ ಬಳಿ ಉಳಿದಿರುವುದು ಚೊಂಬು ಹಿಡಿದ ಒಂದು ಕೈ, ಅದರಲ್ಲಿ ಅಂಗೈ ಕಡೆಗೆ ತಿರುಗಿಸಿ ಕಟ್ಟಿದ ಗಡಿಯಾರ.

ಸಿನಿಮಾದವರು ಯರಗೇರಾಕ್ಕೆ ಬಂದದ್ದು ಒಂದು ಬೇಸಿಗೆಯಲ್ಲಿ. ನಗೆ ಚಿತ್ರ. ಎರಡು ಕಾಲೇಜುಗಳ ಹಾಡುವ ಗುಂಪುಗಳ ನಡುವಿನ ಜಿದ್ದು. ನಾಯಕನ ಗುಂಪು ಗೆಲ್ಲಬೇಕಾದರೆ ಸೋಲುವ ಗುಂಪೊಂದು ಬೇಕಲ್ಲ, ಅದಕ್ಕೆ ಅಲ್ಲಿಯ ವಿದ್ಯಾರ್ಥಿಗಳನ್ನೇ ಆರಿಸಿಕೊಂಡರು. ಸುವರ್ಣಾ ಎರಡನೆಯ ಸಾಲಿನಲ್ಲಿ ಮೂಲೆಗೆ ನಿಂತಳು. ಮಾತಿಲ್ಲ, ಹಾಡು ಮಾತ್ರ. ಹಾಡು ಮುಗಿಯುವಾಗ ಮುಂದೆ ನಿಂತ ಮೇಷ್ಟ್ರ ಪಾತ್ರದವನು ಕೈ ಎತ್ತಿ ಮುಷ್ಟಿ ಮುಚ್ಚುತ್ತಾನೆ. ಎಲ್ಲರೂ ಥಟ್ಟನೆ ನಿಲ್ಲಿಸಬೇಕು. ಎಲ್ಲರೂ ನಿಲ್ಲಿಸುತ್ತಾರೆ. ಸುವರ್ಣಾ ನಿಲ್ಲಿಸುವುದಿಲ್ಲ. ಕಣ್ಣು ಮುಚ್ಚಿಕೊಂಡು ಕಡೆಯ ಸಾಲನ್ನು ಇನ್ನೊಮ್ಮೆ, ನಿಧಾನವಾಗಿ, ಪೂರ್ತಿ ಹಾಡುತ್ತಾಳೆ. ಕಣ್ಣು ತೆರೆದರೆ ಎಲ್ಲರೂ ಅವಳನ್ನೇ ನೋಡುತ್ತಿದ್ದಾರೆ. ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಅದು ಬರೆದಿಟ್ಟ ದೃಶ್ಯವಲ್ಲ, ನಿಜವಾಗಿ ಆದ ತಪ್ಪು. ನಿರ್ದೇಶಕನಿಗೆ ಹಿಡಿಸಿ ಹಾಗೇ ಉಳಿಸಿಕೊಂಡ.

ಅದು ತಪ್ಪು ಎಂದರೆ ನೀಲಕ್ಕ ಒಪ್ಪುತ್ತಿರಲಿಲ್ಲ. "ನಮ್ಮೂರ ಭಜನ್ಯಾಗ ಮುಂದಿನ್ಯಾವ ನಿಲ್ಲಿಸಿದ ಕೂಡ್ಲೆ ಎಲ್ರೂ ಬಾಯಿ ಮುಚ್ಚಂಗಿಲ್ರಿ ಸರ. ಹಂಗ ನಡುವ ಕೈ ಬಿಟ್ರ ಪದ ಎಲ್ಲಿ ಹೋಗಬೇಕು? ಒಬ್ರು ಕಡೀ ಸಾಲು ಹಿಡದು ಅದನ್ನ ಮನಿತನಕ ಮುಟ್ಟಿಸಬೇಕು. ನಮ್ಮ ಓಣ್ಯಾಗ ಅದು ಇಕಿ ಕೆಲ್ಸ. ಸಣ್ಣಾಕಿ ಇದ್ದಾಗಿಂದ ಮಾಡ್ಯಾಳ. ಅಲ್ಲಿ ಉಳದೋರೆಲ್ಲ ಬಿಟ್ರು, ಇಕಿ ಹಿಡದ್ಳು. ತಪ್ಪು ಯಾರ್ದು?"

ಆ ಮಳೆಗಾಲದ ಕೊನೆಗೆ ಸುವರ್ಣಾಳಿಗೆ ಜ್ವರ ಬಂತು. ಡೆಂಗಿ ಎಂದರು. ಖಾನಾವಳಿಯಲ್ಲಿ ಉಣ್ಣುವವರೆಲ್ಲ ರಕ್ತ ಕೊಡಲು ಆಸ್ಪತ್ರೆಯ ಪಡಸಾಲೆಯಲ್ಲಿ ಸಾಲಾಗಿ ನಿಂತೆವು. ಉಳಿಯಲಿಲ್ಲ. ಮಲ್ಲಟದ ಹೊಲದಲ್ಲಿ ಮಣ್ಣು ಮಾಡಿದರು.

ನೀಲಕ್ಕ ಮತ್ತೆ ಒಲೆ ಹಚ್ಚಿದಳು. ರೊಟ್ಟಿಯ ಸದ್ದು ಅದೇ, ಪುಂಡಿಪಲ್ಲೆಯ ಹುಳಿ ಅದೇ. ಬದಲಾದವರು ನಾವು. ಆಕೆ ಪಲ್ಲೆ ಬಡಿಸಲು ಬಂದರೆ ಮಾತು ನಿಲ್ಲಿಸುತ್ತಿದ್ದೆವು. ಯಾರೋ ಮೊಬೈಲಿನಲ್ಲಿ ತಮಾಷೆಯ ವಿಡಿಯೋ ಹಾಕಿದ್ದರೆ ಪಕ್ಕದವನು ಮೊಣಕೈಯಿಂದ ತಿವಿದು ಆರಿಸುತ್ತಿದ್ದ. ಒಂದು ದಿನ ಆಕೆ ಸೌಟನ್ನು ಪಾತ್ರೆಗೆ ಕುಕ್ಕಿದಳು.

"ಯಾಕ್ರಿ ಎಲ್ರೂ ಮಣ್ಣಿಗಿ ಬಂದೋರಂಗ ಉಣ್ಣಾಕತ್ತೀರಿ? ಮಣ್ಣು ಮುಗೀತಲ್ಲ. ಮಾತಾಡ್ರಿ."

ಯಾರೂ ಮಾತಾಡಲಿಲ್ಲ. ಅದೇ ನಮ್ಮ ಮರ್ಯಾದೆಯಾಗಿತ್ತು. ನಾವು ಮರ್ಯಾದೆ ಕೊಟ್ಟ ಪ್ರತಿ ಊಟದ ಹೊತ್ತೂ ಮಗಳು ಸತ್ತ ಸುದ್ದಿಯನ್ನು ಆಕೆಗೆ ಮತ್ತೊಮ್ಮೆ ಮುಟ್ಟಿಸುತ್ತಿದ್ದೆವು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೋ ಇಲ್ಲವೋ ಹೇಳಲಾರೆ.

ಸಿನಿಮಾ ರಾಯಚೂರಿಗೆ ಬಂದಾಗ ಗಂಡನಿಗೆ ಹೇಳಿಕಳಿಸಿದಳು. ಅವನು ಬರಲಿಲ್ಲ. "ಸತ್ತಾಕಿನ್ನ ಕುಣಸಾಕತ್ತಾರ, ನೋಡಾಕ ನಾ ಬರ್ಲೇನು?" ಎಂದನಂತೆ. ಹಾಗಾಗಿ ನನ್ನನ್ನು ಕರೆದಳು. "ಒಬ್ಬಾಕಿ ಹೋದ್ರ ಛಲೋ ಕಾಣಂಗಿಲ್ರಿ ಸರ. ನೀವು ಬರ್ರಿ, ಸುಮ್ಮನ ಕುಂದರ್ರಿ."

ಮಧ್ಯಾಹ್ನದ ಆಟ. ಟಾಕೀಸು ಕಾಲೇಜು ಹುಡುಗರಿಂದ ತುಂಬಿತ್ತು. ಆ ದೃಶ್ಯ ಬಂತು. ಮುಷ್ಟಿ ಮುಚ್ಚಿತು, ಹಾಡು ನಿಂತಿತು, ಒಂದೇ ಒಂದು ದನಿ ಮುಂದುವರಿಯಿತು. ಮುಂದಿನ ಸಾಲಿನಿಂದ ಒಂದು ನಗು ಹೊರಟು, ಕುರ್ಚಿ ಬಡಿಯುತ್ತ, ಸಿಳ್ಳೆ ಹಾಕುತ್ತ, ಬಾಲ್ಕನಿಯವರೆಗೆ ಹತ್ತಿತು. ಅವಳು ಬಾಯಿ ಮುಚ್ಚಿಕೊಂಡಾಗ ಇನ್ನೊಮ್ಮೆ ಎದ್ದಿತು. ನಾನು ತಲೆ ತಗ್ಗಿಸಿದೆ. ನೀಲಕ್ಕ ಕುರ್ಚಿಯಿಂದ ಅರ್ಧ ಎದ್ದು ಇಡೀ ಟಾಕೀಸನ್ನು ನೋಡುತ್ತಿದ್ದಳು. ಪಂಕ್ತಿಯಲ್ಲಿ ಕೂತ ಎಲ್ಲರ ಎಲೆಗೂ ಬಡಿಸಿದ್ದಾರೋ ಇಲ್ಲವೋ ನೋಡುವ ಯಜಮಾನಿಯ ಹಾಗೆ.

ಹೊರಗೆ ಬಿಸಿಲು. ಸಮಾಧಾನ ಹೇಳಬೇಕೆಂದು ನಾನೇ ಬಾಯಿ ತೆರೆದೆ. "ಅವರಿಗೆ ಗೊತ್ತಿಲ್ಲಲ್ಲಕ್ಕಾ, ಅದಕ್ಕ ನಕ್ಕರು."

"ಅದನ್ನಽ ಹೇಳಾಕತ್ತೀನಿ," ಎಂದಳು. ಅಷ್ಟು ದಿನಗಳಲ್ಲಿ ಆಕೆಯ ಮುಖದಲ್ಲಿ ಮೊದಲ ಬಾರಿ ಬಣ್ಣವಿತ್ತು. "ಗೊತ್ತಿಲ್ಲ ಅವ್ರಿಗಿ! ಸತ್ತೋರ್ನ ನೋಡಿ ಯಾರರ ನಗ್ತಾರೇನ್ರಿ? ನಕ್ರು ಅಂದ್ರ ಅವರ ಪಾಲಿಗಿ ನಮ್ಮಾಕಿ ಅದಾಳ. ಇಷ್ಟು ಮಂದಿ ಪಾಲಿಗಿ ಅದಾಳ, ಸರ."

ಅಂದಿನಿಂದ ಮಧ್ಯಾಹ್ನದ ಪಂಕ್ತಿ ಎದ್ದ ಕೂಡಲೇ ಒಲೆಗೆ ನೀರು ಹೊಡೆದು ಹೊರಡುತ್ತಿದ್ದಳು. ಸಂಜೆ ನನಗೆ ವರದಿ. ಗಂಡಸರು ಕುರ್ಚಿ ಬಡಿದು ನಗುತ್ತಾರೆ, ಹೆಂಗಸರು ಸೆರಗಿನೊಳಗೆ. ಗದ್ವಾಲ ಕಡೆಯ ತೆಲುಗಿನವರು ಒಬ್ಬರಿಗೊಬ್ಬರು ಅರ್ಥ ಹೇಳಿಕೊಂಡು ತಡವಾಗಿ ನಗುತ್ತಾರೆ, ಆದರೆ ಬಹಳ ಹೊತ್ತು ನಗುತ್ತಾರೆ. "ಇವತ್ತ ಬಿಸಿಲಿಗಂಜಿ ಬಂದು ಮಕ್ಕೊಂಡಿದ್ರು ಹಾಟ್ಯಾನ ಮಕ್ಳು. ನಗಿ ಸಣ್ಣದಾತು," ಎಂದು ಒಂದು ದಿನ ಬೈದಳು. ನಗು ಸಣ್ಣದಾದ ದಿನ ಆಕೆ ಉಣ್ಣುತ್ತಿರಲಿಲ್ಲ.

ಸಿನಿಮಾ ರಾಯಚೂರು ಬಿಟ್ಟು ಮಾನ್ವಿಗೆ ಹೋಯಿತು. ನೀಲಕ್ಕನೂ ಹೋದಳು. ಮಾನ್ವಿಯ ಮೊದಲ ದಿನ ನಾನು ಜೊತೆಗಿರಲಿಲ್ಲ. ಅಲ್ಲಿ ನಡೆದದ್ದನ್ನು ಆಕೆ ನನಗೆ ಎರಡು ಸಲ ಹೇಳಿದಳು, ಎರಡೂ ಬೇರೆ ಬೇರೆ. ಮೊದಲ ಸಲ ಹೇಳಿದ್ದು ಹೀಗೆ: ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡು, ನೀಲಕ್ಕನ ತೋಳು ಹಿಡಿದು, "ಯವ್ವಾ ನನ್ನವ್ವಾ, ಯಾರ ಹೊಟ್ಟ್ಯಾಗ ಹುಟ್ಟಿದ್ದೋ ಇದು!" ಎಂದಳು. ನೀಲಕ್ಕನ ಬಾಯಿಂದ ತಾನಾಗಿ ಬಂತು, "ನನ್ನ ಹೊಟ್ಟ್ಯಾಗ." ಎರಡನೆಯ ಸಲ ಹೇಳುವಾಗ ಆ ಹೆಂಗಸು ಏನನ್ನೂ ಕೇಳಿರಲಿಲ್ಲ. ಬರೀ ನಗುತ್ತಿದ್ದಳು. ನೀಲಕ್ಕನೇ ತಡೆಯಲಾರದೆ ಹೇಳಿದ್ದಳು, "ಅಕಿ ನನ್ನ ಮಗಳು."

ಮುಂದಿನದು ಎರಡರಲ್ಲೂ ಒಂದೇ. ಆ ಹೆಂಗಸು ಹಿಗ್ಗಿದಳು. "ಹೌದೇನು! ಎಲ್ಲಿ ಅದಾಳ? ಕರ್ಕೊಂಡು ಬರಬಾರ್ದೇನ್ರಿ, ಒಂದೀಟು ನೋಡ್ತಿದ್ವಿ!"

ನೀಲಕ್ಕನಿಗೆ ಸುಳ್ಳು ಹೊಳೆಯಲಿಲ್ಲ.

ಸಾಲಿನಿಂದ ಸಾಲಿಗೆ ಸುದ್ದಿ ಹೋಯಿತು. ಆಟ ಮುಗಿಯುವುದರೊಳಗೆ ಟಾಕೀಸಿನ ಮಾಲೀಕರೇ ಕೆಳಗೆ ಬಂದರು. ಅಕ್ಕಿ ಗಿರಣಿಯೂ ಇದ್ದ ಸಾಹುಕಾರರು, ಹಣೆ ತುಂಬ ವಿಭೂತಿ, ಒಳ್ಳೆಯ ಮನುಷ್ಯ. ಕೈ ಮುಗಿದು, ನಾಳೆಯ ಆಟಕ್ಕೆ ಅವ್ವನವರು ಬರಲೇಬೇಕು ಎಂದರು. ಮರುದಿನ ನಾನೂ ಹೋದೆ. ಮೊದಲ ಸಾಲಿನಲ್ಲಿ ನಮಗೆಂದು ಬಟ್ಟೆ ಹಾಸಿದ ಕುರ್ಚಿಗಳಿದ್ದವು.

ದೃಶ್ಯ ಬಂತು. ಮುಷ್ಟಿ ಮುಚ್ಚಿತು. ಸುವರ್ಣಾ ಕಣ್ಣು ಮುಚ್ಚಿ ಕಡೆಯ ಸಾಲು ಎತ್ತಿದಳು. ಅಲ್ಲಿ, ಬಾಯಿ ತೆರೆದಿದ್ದಾಗಲೇ, ಸಿನಿಮಾ ನಿಂತಿತು.

ದೀಪ ಹತ್ತಿದವು. ಸಾಹುಕಾರರು ಊದುಬತ್ತಿ ಹಚ್ಚಿ, ಪರದೆಯ ಬುಡಕ್ಕೆ ಹೂವಿನ ಹಾರ ಇಟ್ಟು, ಮೈಕು ಹಿಡಿದು ಎಲ್ಲರೂ ಒಂದು ನಿಮಿಷ ಎದ್ದು ನಿಲ್ಲಬೇಕು ಎಂದರು. ಎಲ್ಲರೂ ನಿಂತರು. ಚಪ್ಪಲಿ ಕಳಚಿದವರೂ ಇದ್ದರು. ಆ ಮೌನದಲ್ಲಿ ನೀಲಕ್ಕ ಒಬ್ಬಳೇ ಮಾತಾಡಿದಳು.

"ನಿಲ್ಲಸಬ್ಯಾಡ್ರಿ ಸಾವ್ಕಾರ್ರ. ಅಕಿ ಹಾಡ ಮುಗೀಲಿ."

"ನಿಮ್ಮ ದುಃಖ ನಮ್ಮ ದುಃಖ, ಯವ್ವಾ," ಎಂದರು ಸಾಹುಕಾರರು. ಅವರ ಕಣ್ಣು ನಿಜವಾಗಿ ತುಂಬಿದ್ದವು.

"ದುಃಖ ಅಲ್ರಿ. ಚಾಲೂ ಮಾಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ, ಚಾಲೂ ಮಾಡ್ರಿ."

ಚಾಲೂ ಮಾಡಿದರು. ಸುವರ್ಣಾ ಹಾಡು ಮುಗಿಸಿದಳು, ಕಣ್ಣು ತೆರೆದಳು, ಬಾಯಿ ಮುಚ್ಚಿಕೊಂಡಳು. ಒಬ್ಬರೂ ನಗಲಿಲ್ಲ. ಯಾರೋ ಬಿಕ್ಕಿದರು. ನೀಲಕ್ಕ ಆ ಹೊತ್ತು ಮೊದಲ ಬಾರಿಗೆ ಪರದೆಯ ಕಡೆ ತಿರುಗಿದಳೆಂದು ನನ್ನ ನೆನಪು. ಇಷ್ಟು ಸರಿಯಾದ ಜಾಗದಲ್ಲಿ ಬರುವ ನೆನಪನ್ನು ನಾನು ನಂಬುವುದಿಲ್ಲ. ಬಹುಶಃ ಆಕೆ ಎಲ್ಲೂ ನೋಡಲಿಲ್ಲ.

ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. "ಮಾನ್ವ್ಯಾಗ ನಾನಽ ಕೊಂದ್ನಿ ಅಕಿನ್ನ. ನನ್ನ ಬಾಯಿಲೆ."

ಹಾಗಲ್ಲ ಎಂದು ನಾನು ಹೇಳಿದ ಮಾತುಗಳು ನೆನಪಿಲ್ಲ. ನೆನಪಿಡುವಂಥವೂ ಆಗಿರಲಿಲ್ಲ.

ಮಾನ್ವಿಯ ಆ ಮೌನವನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಹಾರ, ಊದುಬತ್ತಿಯ ಹೊಗೆ, ಬಾಯಿ ತೆರೆದ ದೊಡ್ಡ ಮುಖ, ಅದರ ಕೆಳಗೆ ಬಟ್ಟೆ ಹಾಸಿದ ಕುರ್ಚಿಯಲ್ಲಿ ಸಣ್ಣಗೆ ನೀಲಕ್ಕ. ಹಿನ್ನೆಲೆಗೆ ಶೋಕದ ಕೊಳಲು ಬೇರೆ ಸೇರಿಸಿದ್ದರು. ಅದು ನಮ್ಮ ಕಾಲೇಜಿನ ವಾಟ್ಸಾಪ್ ಗುಂಪಿಗೂ ಬಂತು, ಖಾನಾವಳಿಯ ತಾಟುಗಳ ಪಕ್ಕದ ಮೊಬೈಲುಗಳಿಗೂ ಬಂತು. ಗುರುತಿಲ್ಲದವರು ಬಂದು ಆಕೆಯ ಕಾಲು ಮುಟ್ಟಿ, ಒಲೆಯ ಪಕ್ಕ ನಿಂತು ಫೋಟೋ ಹಿಡಿದುಕೊಂಡು, ಉಣ್ಣದೆ ಹೋಗುತ್ತಿದ್ದರು.

ಅಷ್ಟರಲ್ಲಿ ಸಿನಿಮಾ ದೇವದುರ್ಗಕ್ಕೆ ಹೋಗಿರುವುದು ಆಕೆಗೆ ಹೇಗೋ ತಿಳಿಯಿತು.

"ಅಲ್ಲಿ ನಮ್ಮನ್ನ ಯಾರೂ ಬಲ್ಲಂಗಿಲ್ರಿ ಸರ. ನಾ ಬಾಯಿ ಬಿಚ್ಚಂಗಿಲ್ಲ. ನೀವೂ ಬಿಚ್ಚಬ್ಯಾಡ್ರಿ. ನನ್ನಾಣಿ ಮಾಡ್ರಿ."

ಆಣೆ ಮಾಡಿದೆ. ವಿಡಿಯೋದ ಮಾತು ಎತ್ತಬೇಕೆಂದುಕೊಂಡು ಎತ್ತಲಿಲ್ಲ. ಆಕೆ ಗುರುತು ಸಿಗದಿರಲೆಂದು ಗಂಡನ ಹಳೆಯ ಶಾಲು ಹೊದ್ದು, ಅದನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. ದೇವದುರ್ಗದಲ್ಲಿ ಅಂದು ಸಂತೆ. ಟಾಕೀಸಿನಲ್ಲಿ ಅರ್ಧ ಜನ ಸಿನಿಮಾಕ್ಕೆ ಬಂದವರು, ಉಳಿದವರು ನೆರಳಿಗೆ ಬಂದವರು. ನಮ್ಮ ಹಿಂದಿನ ಸಾಲಿನಲ್ಲಿ ಮುದುಕನೊಬ್ಬ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ.

ಇಂಟರ್ವಲ್ ಮುಗಿಯಿತು. ಹಾಡುವ ಗುಂಪು ಬಂತು. ಆಗ ಮುಂದಿನ ಸಾಲಿನಲ್ಲಿ ಒಬ್ಬ ಮೊಬೈಲಿನ ಟಾರ್ಚು ಹಚ್ಚಿ ಮೇಲೆತ್ತಿದ. ಅವನ ಪಕ್ಕದವನೂ ಎತ್ತಿದ. ನೋಡುನೋಡುತ್ತ ಟಾಕೀಸಿನ ತುಂಬ ಬೆಳಕುಗಳು ಎದ್ದವು. ನೀಲಕ್ಕ ಅಲ್ಲಿರುವುದು ಅವರಿಗೆ ಗೊತ್ತಿರಲಿಲ್ಲ. ಆದರೆ ಮಗಳು ಸತ್ತಿರುವುದು ಗೊತ್ತಿತ್ತು. ಮುಷ್ಟಿ ಮುಚ್ಚಿತು. ಸುವರ್ಣಾ ಹಾಡಿದಳು. ಎಲ್ಲ ಮುಖಗಳೂ ಬೆಳಗುತ್ತಿದ್ದವು, ನೀಲಕ್ಕ ಒಂದೊಂದನ್ನೇ ನೋಡಿಕೊಂಡು ಹೋದಳು. ಯಾವುದರಲ್ಲೂ ಏನೂ ಇರಲಿಲ್ಲ.

ಗೊರಕೆ ನಿಂತಿತು. ಬೆಳಕಿಗೋ ಹಾಡಿಗೋ ಮುದುಕನಿಗೆ ಎಚ್ಚರವಾಗಿತ್ತು. ಕಣ್ಣುಜ್ಜಿಕೊಂಡು ಪರದೆ ನೋಡಿದ. ಸುವರ್ಣಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುದುಕ ಹೋ ಎಂದು ನಕ್ಕ. ಹಲ್ಲಿಲ್ಲದ, ಹೊಟ್ಟೆಯಿಂದ ಬಂದ, ಯಾರಿಗೂ ಅಂಜದ ನಗು.

"ಏ ಮುದುಕಾ! ಸತ್ತಾಳಲೇ ಅಕಿ! ನಗ್ತೀಯೇನಲೇ?"

ಇಬ್ಬರು ಬಂದು ಅವನ ಅಂಗಿಯ ಕೊರಳು ಹಿಡಿದರು. ಒಬ್ಬ ಕೆನ್ನೆಗೆ ಹೊಡೆದ. ನೀಲಕ್ಕ ಕುರ್ಚಿ ದಾಟಿ ನಡುವೆ ಬಿದ್ದಳು.

"ಬಿಡ್ರಿ ಅವನ್ನ! ನಗ್ಲಿ ಬಿಡ್ರಿ!"

"ನೀ ಯಾರ್ ಬೇ ಕೇಳಾಕಿ? ಮನಸ್ಯಾಳೇನು ನೀನು? ಆ ತಾಯಿ ಹೊಟ್ಟಿ ಎಷ್ಟು ಉರಿಯಾಕತ್ತಿರಬೇಕು, ಗೊತ್ತದೇನು?"

ಶಾಲಿನೊಳಗಿನ ಮುಖ ಅವರಿಗೆ ಕಾಣಲಿಲ್ಲ. ಆಕೆ ಅದನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಮುದುಕನನ್ನೂ ಆಕೆಯನ್ನೂ ಒಟ್ಟಿಗೇ ಹೊರಗೆ ದಬ್ಬಿದರು. ನಾನು ರುಮಾಲು ಎತ್ತಿಕೊಂಡು ಹಿಂದೆ ಹೋದೆ.

ಹೊರಗಿನ ಮೆಟ್ಟಿಲ ಮೇಲೆ ಮುದುಕ ಕೆನ್ನೆ ಹಿಡಿದು ಕೂತಿದ್ದ. ನೀಲಕ್ಕ ಅವನ ಎದುರು ಕುಕ್ಕರಗಾಲಲ್ಲಿ ಕೂತಳು.

"ಯಾಕ ನಕ್ಕಿ ಯಪ್ಪಾ?"

"ತಪ್ಪಾತವ್ವಾ. ಗೊತ್ತಿರ್ಲಿಲ್ಲ."

"ತಪ್ಪಲ್ಲ. ಯಾಕ ನಕ್ಕಿ, ಹೇಳು."

ಮುದುಕ ಯೋಚಿಸಿದ. "ಎಲ್ರೂ ಬಾಯಿ ಮುಚ್ಕೊಂಡು ನಿಂತಾರ. ಅದೊಂದು ಹುಡುಗಿ ತನ್ನಷ್ಟಕ ತಾ ಹಾಡಾಕತ್ತದ. ಆಮ್ಯಾಲ ಬೆದರಿತು. ಚಂದ ಅನಸ್ತು. ನಗಿ ಬಂತು." ನನ್ನ ಕೈಯಿಂದ ರುಮಾಲು ತೆಗೆದುಕೊಂಡು ಕೇಳಿದ. "ಖರೇನ ಸತ್ತಾಳೇನವ್ವಾ ಅಕಿ?"

ನಾನು ನೀಲಕ್ಕನನ್ನು ನೋಡಿದೆ.

"ಯಾರಂದ್ರು?" ಎಂದಳು. "ಸಿನೆಮಾದೋರು ಸಾಯ್ತಾರೇನು? ಸುಳ್ಳು ಹಬ್ಬಿಸ್ತಾರ ಮಂದಿ, ಸಿನೆಮಾ ನಡೀಲಂತ. ರಾಯಚೂರಾಗ ಅದಾಳ. ಯರಗೇರಾಕ್ಕ ದಿನಾ ಬಸ್ಸಿಗಿ ಹೋಗ್ತಾಳ. ನಾ ಕಣ್ಣಾರೆ ನೋಡೀನಿ."

"ನಿನಗೇನಾಗಬೇಕು ಅಕಿ?"

"ನನಗೇನೂ ಆಗಂಗಿಲ್ಲ."

ಮುದುಕನ ಮುಖ ಸಡಿಲವಾಯಿತು. "ಹಂಗಂದ್ರ ಸುಮ್ಮನ ಬಡದ್ರಲ್ಲ ಸೂಳೆಮಕ್ಳು," ಎಂದು ಕೆನ್ನೆ ಸವರಿಕೊಂಡ. ಆಮೇಲೆ ದೃಶ್ಯ ನೆನಪಾಯಿತೇನೋ, ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕಣ್ಣರಳಿಸಿ ಸುವರ್ಣಾಳ ಹಾಗೇ ಮಾಡಿ ತೋರಿಸಿದ, ಮತ್ತೆ ನಕ್ಕ. ಭುಜ ಕುಣಿಯುವ ಹಾಗೆ ನಕ್ಕ. ನೀಲಕ್ಕ ಅವನ ಎದುರು ಕೂತೇ ಇದ್ದಳು. ನಗು ಮುಗಿಯುವತನಕ ರೆಪ್ಪೆ ಬಡಿಯಲಿಲ್ಲ.

ಮುದುಕ ಸಂತೆಯ ಕಡೆ ಹೋದ. ನೀಲಕ್ಕ ಎದ್ದು ಸೀರೆ ಕೊಡವಿಕೊಂಡಳು. "ನೀವು ರಾಯಚೂರ ಬಸ್ಸು ಹಿಡೀರಿ ಸರ. ನಾ ಊರಿಗಿ ಹೋಗ್ತೀನಿ." ಮಗಳನ್ನು ಮಣ್ಣು ಮಾಡಿದ ಮೇಲೆ ಆಕೆ ಮಲ್ಲಟಕ್ಕೆ ಹೋದದ್ದಿಲ್ಲ. ಬಸ್ಸು ಹತ್ತುವಾಗ ತಿರುಗಿ ನೋಡಲಿಲ್ಲ.

ಖಾನಾವಳಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿಯಿದೆ. ನೀಲಕ್ಕ ರಾಯಚೂರಿಗೆ ಮತ್ತೆ ಬರಲಿಲ್ಲ. ಮಲ್ಲಟಕ್ಕೆ ಹೋಗಿ ನೋಡಬಹುದಿತ್ತು. ಎಲ್ಲ ಗೊತ್ತಿರುವ ನನ್ನ ಈ ಮುಖವನ್ನು ತೆಗೆದುಕೊಂಡು ಆಕೆಯ ಎದುರು ನಿಲ್ಲಲು ಮನಸ್ಸಾಗಲಿಲ್ಲ.

ಆ ಸಿನಿಮಾದ ಹೆಸರನ್ನು ಇಲ್ಲಿ ಬರೆದಿಲ್ಲ. ಸುವರ್ಣಾ ಎನ್ನುವುದು ಆ ಹುಡುಗಿಯ ಹೆಸರಲ್ಲ. ಅವಳು ನಿಂತ ಸಾಲನ್ನು, ಇನ್ನೂ ಕೆಲವು ಗುರುತುಗಳನ್ನು ಅಲ್ಲಲ್ಲಿ ಕದಲಿಸಿದ್ದೇನೆ. ಎಂದಾದರೂ ಆ ಚಿತ್ರ ನಿಮ್ಮ ಕಣ್ಣಿಗೆ ಬಿದ್ದಾಗ ನೀವು ಗೊತ್ತಿಲ್ಲದವರಾಗಿಯೇ ಇರಬೇಕು.